ಲಕ್ಕಿ ಸೊಪ್ಪಿನ ಕಾವು

ಚಾಮರಾಜನಗರ
18-2-1954

ಚಿ. ಸೌ. ಗಂಗಾಂಬಿಕೆಗೆ,

ನಿನ್ನ ಅಪ್ಪ ಗುರುಸಿದ್ದಯ್ಯ ಗರಡಿಯ ಜಗಲಿಯ ಮೇಲೆ ಕೂತು, ಕೈಗೆ ಮೆತ್ತಿದ ಕೆಮ್ಮಣ್ಣು ಒರೆಸಿಕೊಂಡು, ಮನಸಾರೆ ಹರಸಿ ಬರೆಯುವ ಕಾಗದ. ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ನೀನು, ಹೊಟ್ಟೆಯೊಳಗಿನ ಕೂಸು, ಅಳಿಯಂದಿರು ಶಿವರುದ್ರಸ್ವಾಮಿ ಎಲ್ಲರೂ ಸುಖವಾಗಿರಬೇಕು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಗುಂಡ್ಲುಪೇಟೆಗೆ ಕುಸ್ತಿಗೆಂದು ಬಂದವನು ನಿನ್ನ ಹೊಸ್ತಿಲು ತುಳಿಯದೆ ಹಿಂದಿರುಗಿದೆ, ಅದೂ ತಪ್ಪೇ. ಕಡೆಯ ಬಸ್ಸು ಹೊರಡುವುದರಲ್ಲಿತ್ತು ಮಗಳೇ. ಹಾಗೆಂದೇ ತಿಳಿದುಕೋ.

ಗರಡಿ ಹೇಗಿದೆ ಎಂದು ಕೇಳಿದ್ದೀಯೆ. ಎಂದಿನಂತೆ ಕೋಳಿ ಕೂಗುವ ಮುಂಚೆ ಗುದ್ದಲಿ ಹಿಡಿಯುತ್ತೇನೆ. ಮಣ್ಣು ಅಗೆದು, ಮಜ್ಜಿಗೆ, ಅರಿಸಿನ, ಎಳ್ಳೆಣ್ಣೆ, ನಿಂಬೆರಸ ಬೆರೆಸಿ ತುಳಿಯಬೇಕು. ಹದ ತಪ್ಪಿದರೆ ಬಿದ್ದವನ ಮಂಡಿ ಕಿತ್ತುಬರುತ್ತದೆ. ಬೆಳಕು ಹರಿದ ಮೇಲೆ ನನ್ನ ದರ್ಬಾರು! ನಾಟಕದಲ್ಲಿ ರಾಜನ ಪಾರ್ಟು ಕಟ್ಟಿದ ಗಂಟಲಲ್ಲವೇ? "ಬಗ್ಗಲಾ! ನೆಲ ಯಾಕ್ಲಾ ನೋಡೀಯೆ, ನೆಲ ಎಲ್ಗೂ ಓಗಕಿಲ್ಲ, ಎದುರಾಳಿ ಕಣ್ಣು ನೋಡ್ಲಾ!" ಎಂದು ಗುಡುಗಿದರೆ ಬೀದಿಯಲ್ಲಿ ಹೋಗುವ ಎತ್ತುಗಳೂ ಬಗ್ಗುತ್ತವೆ ಎಂದು ನಿನ್ನ ಅವ್ವ ಆಡಿಕೊಳ್ಳುತ್ತಾಳೆ. ಆಮೇಲೆ ಮೈ ತಿಕ್ಕುವುದು, ಉಳುಕು ತೆಗೆಯುವುದು, ಜಾರಿದ ಮೂಳೆ ಕೂರಿಸುವುದು. ಯಾರ ಮೈಯಲ್ಲಿ ಎಲ್ಲಿ ನೋವಿದೆ ಎಂಬುದು ಕುಸ್ತಿ ಕಲಿಸುವ ವಸ್ತಾದನ ಬೆರಳಿಗೆ ಗೊತ್ತಿರುತ್ತದೆ. ಅದು ಅವನ ಬಾಯಿಗೆ ಬರಕೂಡದು. ನನ್ನ ಕೆಲಸದ ಧರ್ಮ ಇಷ್ಟೇ.

ಆದರೆ ಈಗ ಹದ ಮಾಡಿದ ಮಣ್ಣು ಹಾಗೇ ಒಣಗುತ್ತಿದೆ. ಹುಡುಗರು ಬರುತ್ತಿಲ್ಲ.

ಆ ಭಾನುವಾರದ ಕುಸ್ತಿಯ ಕಥೆಯನ್ನು ನೀನು ಗೆದ್ದವರ ಬಾಯಲ್ಲಿ ಕೇಳಿರುತ್ತೀಯೆ. ಸೋತವರ ಬಾಯಲ್ಲೂ ಕೇಳು. ಪರದೆ ಏಳಲಿ! ನಿಮ್ಮೂರ ಗರಡಿಯವರು ಅಳಿಯಂದಿರ ಎದುರಿಗೆ ಸೆಣಸಲು ನಮ್ಮ ಗರಡಿಯಿಂದ ಜೋಡಿ ಕೇಳಿದಾಗ, ಮಾವನ ಶಿಷ್ಯನಿಗೂ ಅಳಿಯನಿಗೂ ಕುಸ್ತಿಯೇ ಎಂದು ಜನ ನಕ್ಕರು. ಅಖಾಡದೊಳಗೆ ನೆಂಟಸ್ತನ ಇಲ್ಲ ಎಂದು ಎದೆ ತಟ್ಟಿ ಹೇಳಿದವನು ನಾನು. ನಮ್ಮ ಹಿದಾಯತ್ ಉಲ್ಲಾನನ್ನು ಇಳಿಸಿದೆ. ಹಾಸಿಗೆ ಹೊಲಿಯುವ ಅಮೀರುನ್ನೀಸಾಳ ಮಗ. "ಅಕ್ಕಾ, ಅಕ್ಕಾ" ಎಂದು ನಿನ್ನ ಸೆರಗು ಹಿಡಿದು ನಮ್ಮ ಹಿತ್ತಲಲ್ಲೇ ಬೆಳೆದವನು.

ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮಂಜು ಕರಗಿ ಬಿಸಿಲು ಚುರುಗುಟ್ಟುವ ಹೊತ್ತು. ತಮಟೆ ನಿಂತಿತು. ಇಬ್ಬರೂ ತೊಡೆ ತಟ್ಟಿದರು. ಹಿದಾಯತ್ ಒಂದೇ ಉಸಿರಿಗೆ ಅಳಿಯಂದಿರ ಸೊಂಟ ಹಿಡಿದು ನೆಲದಿಂದ ಎತ್ತಿದ ನೋಡು! ನನ್ನ ಒಂದು ಕಣ್ಣು ನಗುತ್ತಿತ್ತು, ಇನ್ನೊಂದು ನಿನ್ನನ್ನು ನೆನೆದು ಮುಚ್ಚಿಕೊಂಡಿತ್ತು. ಅಷ್ಟರಲ್ಲಿ ಅಳಿಯಂದಿರು ಕತ್ತು ಬಿಟ್ಟರು, ಕಾಲು ಬಿಟ್ಟರು, ಕೈಗೆ ಸಿಕ್ಕ ಒಳ್ಳೆಯ ಪಟ್ಟನ್ನೂ ಬಿಟ್ಟರು. ನೇರ ಅವನ ಎಡಭುಜಕ್ಕೆ ಹೋದರು. ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುವಿ ಕೀಲಿನ ಕೆಳಗೆ ಭಾರ ಹಾಕಿದರು. ಹಿದಾಯತನ ತೋಳು ಹಗ್ಗದಂತೆ ಜೋತುಬಿತ್ತು. ಎತ್ತಿದವನೇ ಅಂಗಾತ ಬಿದ್ದ.

"ಮಲಗ್ಬುಟ್ಟ ಕಣ್ಲಾ! ಬೇಕೂಂತ್ಲೇ ಮಲಗ್ಬುಟ್ಟ!" ಎಂದು ಜನ ಕೂಗಿದರು. "ವಸ್ತಾದಪ್ಪ ಅಳೀನ್ಗೆ ಬಳುವಳಿ ಕೊಟ್ಟ ಬುಡ್ಲಾ, ಮಗಳ ಸಂಸಾರ ನಡೀಬೇಕಲ್ಲ" ಎಂದರು. ಹಿಂದಿರುಗುವಾಗ ತೆರಕಣಾಂಬಿಯಲ್ಲಿ ಬಸ್ಸು ನಿಂತಿತ್ತು. ನಮ್ಮ ಗರಡಿಯಲ್ಲೇ ಪಳಗಿದ ಚೆಲುವಯ್ಯ ಎದ್ದು ನಿಂತು, "ಹಿದಾಯತಾ, ಬಿದ್ದದ್ದು ಸೈ. ವಸಿ ಒದ್ದಾಡ್ದಂಗಾದ್ರೂ ಮಾಡ್ಬೇಕಿತ್ತು ಕಣ್ಲಾ, ನೋಡೋರ್ಗೆ ಮರ್ವಾದಿ ಇರ್ತಿತ್ತು" ಎಂದ. ಬಸ್ಸೆಲ್ಲ ನಕ್ಕಿತು. ಹಿದಾಯತ್ ತೋಳು ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಿದ್ದ. ಸಾವಿರ ಜನರ ಮುಂದೆ ಗುಡುಗಿದ ನನ್ನ ಬಾಯಿ ಬಿಚ್ಚಲಿಲ್ಲ. ಅವನ ಭುಜ ಮೊದಲೇ ಒಮ್ಮೆ ಜಾರಿದ್ದು, ಎದುರಾಳಿಗೆ ಅದು ತಿಳಿದಿತ್ತು ಎಂದು ಒಂದು ಮಾತು ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು.

ಈಗ ಅವನಿಗೆ ಹತ್ತಿ ಹಿಂಜುವ ಬಿಲ್ಲು ಎತ್ತಲಾಗುವುದಿಲ್ಲ, ತಾಯಿಯೇ ಎತ್ತುತ್ತಾಳೆ. ಮೊನ್ನೆ ಅಮೀರುನ್ನೀಸಾ ಗರಡಿಯ ಬಾಗಿಲಲ್ಲಿ ನಿಂತು, "ನನ್ ಮಗ ಮಣ್ಣು ಮುಟ್ಟಿ ಮೋಸ ಮಾಡಲ್ಲ ವಸ್ತಾದ್ರೇ. ನೀವಾದ್ರೂ ಒಂದ್ ಮಾತು ಹೇಳ್ಬೇಕಿತ್ತು" ಎಂದಳು. ನಾನು ಗುದ್ದಲಿ ಹಿಡಿದು ಅಗೆದ ಮಣ್ಣನ್ನೇ ಮತ್ತೆ ಅಗೆದೆ. ಹೋಗುವಾಗ ನಿನ್ನ ಕೂಸಿಗೆಂದು ತಾನೇ ಹೊಲಿದ ಅಂಗೈಯಗಲದ ಹಾಸಿಗೆ, ದಿಂಬು ಇಟ್ಟುಹೋದಳು. ಬರುವವರ ಕೈಯಲ್ಲಿ ಕಳುಹಿಸುತ್ತೇನೆ.

ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಹೆರಿಗೆ ಸುಸೂತ್ರವಾಗಲಿ, ನಿನ್ನ ಮನೆಯ ದೀಪ ಆರದಿರಲಿ.

ಇತಿ ನಿನ್ನ ಅಪ್ಪ,
ಗುರುಸಿದ್ದಯ್ಯ

ಮರೆತು ಕೆಳಗೆ ಬರೆಯುತ್ತಿದ್ದೇನೆ ಎಂದರೆ ಸುಳ್ಳಾದೀತು. ಗೆದ್ದ ಮೇಲೆ ಅಳಿಯಂದಿರು ಹಾರ ಹಾಕಿಕೊಂಡೇ ಬಂದು ನನ್ನ ಕಾಲು ಮುಟ್ಟಿದರು. ಎದ್ದು, ಹಿದಾಯತನ ಕಡೆ ನೋಡಿ, ನಿಜವಾದ ಮರುಕದಿಂದಲೇ ಮೆಲ್ಲಗೆ ಅಂದರು: "ಲಕ್ಕಿ ಸೊಪ್ಪಿನ ಕಾವು ಕೊಡ್ಸಿ ಮಾವ. ಹೋದ್ ಸಲಾನೂ ಅದ್ರಲ್ಲೇ ಊತ ಇಳೀತಂತಲ್ಲ."

ನಿನ್ನ ಮದುವೆಗೆ ಹಿಂದಿನ ಮಳೆಗಾಲ, ನಿನ್ನ ಅವ್ವ ತವರಿಗೆ ಹೋಗಿದ್ದಾಗ, ನಮ್ಮ ಹಿತ್ತಲ ಜಗಲಿಯಲ್ಲಿ ಹಿದಾಯತನ ಆ ಕೀಲು ಕೂರಿಸಿದವನು ನಾನು. ಹಲ್ಲು ಕಚ್ಚಿದವನು ಅವನು. ಲಕ್ಕಿ ಸೊಪ್ಪು ಬಾಡಿಸಿ ಕಟ್ಟಿದವಳು ನೀನು. ಯಾರಿಗೂ ಉಸಿರಬೇಡ ಎಂದು ನಾನು ಹೇಳಿದಾಗ ನನ್ನ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದವಳೂ ನೀನೇ. ನಾಲ್ಕನೆಯವರು ಅಲ್ಲಿರಲಿಲ್ಲ ಗಂಗೂ.

ಅಳಿಯಂದಿರ ಮಾತು ಹಿದಾಯತನ ಕಿವಿಗೂ ಬಿದ್ದಿತ್ತು. ಬಸ್ಸಿಳಿದ ಮೇಲೆ ಹೇಳಿದ: "ಅಕ್ಕನ್ ಹೆಸ್ರು ಎತ್ಬ್ಯಾಡಿ ವಸ್ತಾದ್ರೇ. ನನ್ ಮ್ಯಾಲೇ ಇರ್ಲಿ ಬುಡಿ."

ಬಾಣಂತನಕ್ಕೆ ಬಾ. ಇದು ನಿನ್ನ ತವರು, ಬಾಗಿಲು ಮುಚ್ಚುವುದಿಲ್ಲ. ಬಂದ ದಿನವೇ ಅವನು ಹಿತ್ತಲ ಬಾಗಿಲಲ್ಲಿ ನಿಂತು "ಅಕ್ಕಾ" ಎಂದು ಕೂಗುತ್ತಾನೆ. ಹೇಗೆ ಓಗೊಡುತ್ತೀಯೆ ಎಂಬುದನ್ನು ಮಾತ್ರ ಯೋಚಿಸಿಕೊಂಡು ಬಾ.