ಐವತ್ತೊಂದು ಅಂಕದ ಕುರ್ಚಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಒಡೆಯದೆ ಎತ್ತಿಟ್ಟುಬಿಡುತ್ತೀಯೇನೋ ಎಂಬ ಹೆದರಿಕೆಯಿಂದ ವಿಳಾಸವನ್ನು ಪಕ್ಕದ ಮನೆಯ ನರ್ಸಮ್ಮನ ಕೈಯಲ್ಲಿ ಬರೆಸಿದ್ದೇನೆ. ಮೋಸ ಎನ್ನಬೇಡ. ಅನ್ನಲೇಬೇಕಿದ್ದರೆ ಪೂರ್ತಿ ಓದಿ, ಎಲ್ಲಕ್ಕೂ ಸೇರಿಸಿ ಒಟ್ಟಿಗೆ ಅನ್ನು. ಮೂರು ವರ್ಷದಿಂದ ನಿನಗೊಂದು ಸಾಲು ಬರೆದಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ನಗುತ್ತೀಯ. ಪುರುಸೊತ್ತಿತ್ತು, ಮುಖವಿರಲಿಲ್ಲ.

ನಾನು ಚೆನ್ನಾಗಿದ್ದೇನೆ. ಎಡ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ, ಅಷ್ಟೇ. ನಿನ್ನ ಹೊಸ ಮಕ್ಕಳ ಪುಸ್ತಕ ಅಂಗಡಿಯಲ್ಲಿ ಕಂಡಿತು; ಎರಡು ಪ್ರತಿ ಕೊಂಡುಕೊಂಡೆ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತ ಆ ಮುದಿ ಆನೆ ಯಾರೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಮುದ್ರಣಾಲಯದ ಕರಡು ತಿದ್ದುವಾಗ ಅಮ್ಮ ಕೂರುತ್ತಿದ್ದ ರೀತಿಯೇ ಅದು. ಆನೆಗೆ ಕುರ್ಚಿ ಮಾತ್ರ ಬಿಡಿಸಿಲ್ಲ ನೀನು. ಅಂಗಡಿಯವನು ಮೊಮ್ಮಕ್ಕಳಿಗಾ ಎಂದು ಕೇಳಿದ. ಹೌದು ಎಂದೆ.

ಕೆಲಸದ ಸುದ್ದಿ ಹೇಳುತ್ತೇನೆ, ಯಾಕೆಂದರೆ ಈ ಪತ್ರ ಹುಟ್ಟಿದ್ದು ಅಲ್ಲಿಂದ. ಕಾಲೇಜಿನವರು ನನಗೀಗ ಕಲಾ ವಿಭಾಗದವರ ಗಣಿತ ಕೊಟ್ಟಿದ್ದಾರೆ. ಇಡೀ ಪಾಠ ಆನ್‌ಲೈನಿನಲ್ಲೇ. ಚಿತ್ರ, ಸಂಗೀತ, ಇತಿಹಾಸ, ನಾಟಕ ಓದುವವರಿಗೆಲ್ಲ ಈ ಒಂದು ವಿಷಯ ಪಾಸಾಗದೆ ಪದವಿ ಇಲ್ಲ. ಅವರ ಮೊದಲ ವಾರದ ಪತ್ರಗಳನ್ನು ನೀನು ಓದಬೇಕು: ಎಲ್ಲವೂ ನಿನ್ನ ಹತ್ತನೇ ಕ್ಲಾಸಿನ ಅಳು. ಅವರ ಹೆದರಿಕೆ ಬಿಡಿಸಲೆಂದು ಬದುಕಿಗೆ ಹತ್ತಿರದ ಲೆಕ್ಕಗಳನ್ನೇ ಇಟ್ಟೆ. ಮತ ಎಣಿಸುವ ಬಗೆ, ಹೋದ ದಾರಿಯಲ್ಲೇ ಮತ್ತೆ ಹೋಗದೆ ಊರು ಸುತ್ತುವ ಬಗೆ, ಪಾಲು ಮಾಡುವ ಬಗೆ. ಹಿಂದಿನ ವರ್ಷ ನನ್ನ ಕೋಣೆಯಲ್ಲೇ ಕೂತು ಹನ್ನೆರಡು ಪಾಠ ರೆಕಾರ್ಡ್ ಮಾಡಿದೆ. ಈಗ ಪ್ರತಿ ಸೆಮಿಸ್ಟರ್ ಅವಧಿಗೂ ಇನ್ನೂರು ಜನ ಅವನ್ನೇ ನೋಡುತ್ತಾರೆ. ನಾನು ತರಕಾರಿ ಹೆಚ್ಚುತ್ತಿರುವಾಗಲೂ ಎಲ್ಲೋ ಯಾರಿಗೋ ನಾನು ಪಾಠ ಹೇಳುತ್ತಲೇ ಇರುತ್ತೇನೆ. ಮೊದಮೊದಲು ತಮಾಷೆಯಾಗಿತ್ತು.

ಆರನೇ ಪಾಠ ಜಗಳವಿಲ್ಲದೆ ಪಾಲು ಮಾಡುವುದು. ಅದನ್ನು ರೆಕಾರ್ಡ್ ಮಾಡಿದ ಮೇಲೆ, ಧ್ವನಿ ತೊಳೆದು ಕೊಡುವ ಹೆಂಗಸು ಫೋನ್ ಮಾಡಿ, ಹನ್ನೊಂದನೇ ನಿಮಿಷದಲ್ಲಿ ನಿಮ್ಮ ಹಿಂದೆ ಯಾರೋ ಕುರ್ಚಿಯಿಂದ ಎದ್ದ ಸದ್ದಿದೆ, ತೆಗೆಯಲಾ ಎಂದಳು. ಮನೆಯಲ್ಲಿ ನಾನೊಬ್ಬಳೇ ಇದ್ದೆ ಎಂದು ಹೇಳಲಿಲ್ಲ. ಇರಲಿ ಬಿಡಿ ಎಂದೆ. ಆಮೇಲೆ ವಿದ್ಯಾರ್ಥಿಗಳು ಶುರುಮಾಡಿದರು. ಒಬ್ಬ ಬರೆದ, ಮೇಡಂ, ಹಿಂದೆ ಕೂತಿರುವ ಅಜ್ಜಿಗೆ ಬೇಜಾರಾಗುವುದಿಲ್ಲವೇ ಎಂದು. ಇನ್ನೊಬ್ಬಳು, ಅವರು ಇಡೀ ಪಾಠದಲ್ಲಿ ಅಲ್ಲಾಡಲೇ ಇಲ್ಲ, ಹುಷಾರಾಗಿದ್ದಾರಾ ಎಂದು. ನಾನು ಹೋಗಿ ವೀಡಿಯೋ ನೋಡಿದೆ. ಹಿಂದೆ ಇದ್ದದ್ದು ಅಮ್ಮನ ಬೆತ್ತದ ಕುರ್ಚಿ, ಅದರ ಬೆನ್ನಿಗೆ ಹೊದಿಸಿದ್ದ ಬೂದು ಶಾಲು. ಚಿತ್ರ ಮಸುಕಾಗಿದ್ದರಿಂದ ಹಾಗೆ ಕಂಡಿತು, ಅಷ್ಟೇ. ಬೆತ್ತ ಬಿಸಿಲಿಗೆ ಹಿಗ್ಗಿ, ಹೊತ್ತು ಇಳಿದಂತೆ ಕುಗ್ಗಿ ಸದ್ದು ಮಾಡುತ್ತದೆ ಎಂಬುದೂ ನನಗೆ ಗೊತ್ತು. ಗೊತ್ತಿದ್ದೂ ಆ ದಿನದಿಂದ ನಾನು ಆ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತೇನೆ, ಕುರ್ಚಿಗೆ ಬೆನ್ನು ಮಾಡುವುದಿಲ್ಲ.

ಮೂರು ವರ್ಷದಲ್ಲಿ ಒಂದು ಸಲವೂ ನಾನು ಅದರಲ್ಲಿ ಕೂತಿಲ್ಲ, ಗುಬ್ಬಿ.

ಈಗ ಆರನೇ ಪಾಠದ ಪರೀಕ್ಷೆಯ ವಿಷಯ. ಪಾಠ ಏರಿಸುವ ಗಡುವು ತಲೆಯ ಮೇಲೆ ಕೂತಿತ್ತು, ಉದಾಹರಣೆಗೆ ಸುಳ್ಳು ಸಂಖ್ಯೆ ಹುಡುಕುವ ವ್ಯವಧಾನವಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬರೆದೆ. ಇಬ್ಬರು ಅಕ್ಕತಂಗಿಯರು, ತೀರಿಹೋದ ತಾಯಿಯ ನಾಲ್ಕು ವಸ್ತುಗಳು. ಇಬ್ಬರಿಗೂ ನೂರು ನೂರು ಅಂಕ. ಯಾವುದು ಎಷ್ಟು ಬೇಕೋ ಅಷ್ಟು ಅಂಕ ಹಂಚಿ, ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಬೇಕು. ಯಾವುದಕ್ಕೆ ಯಾರ ಅಂಕ ಹೆಚ್ಚೋ ಅದು ಅವರಿಗೆ. ಸಮ ಬಂದರೆ ಅಷ್ಟರಲ್ಲಿ ಒಟ್ಟು ಅಂಕದಲ್ಲಿ ಹಿಂದೆ ಬಿದ್ದವರಿಗೆ. ತಂಗಿಯ ಚೀಟಿ: ಕುರ್ಚಿಗೆ ಐವತ್ತು, ಕನ್ನಡಿ ಬೀರುವಿಗೆ ಇಪ್ಪತ್ತೆರಡು, ನಿಘಂಟುಗಳಿಗೆ ಹದಿನೆಂಟು, ರೇಡಿಯೋಗೆ ಹತ್ತು. ಅಕ್ಕನದು: ಐವತ್ತೊಂದು, ಇಪ್ಪತ್ತೊಂದು, ಹದಿನೆಂಟು, ಹತ್ತು. ಕುರ್ಚಿ ಅಕ್ಕನಿಗೆ, ಉಳಿದ ಮೂರೂ ತಂಗಿಗೆ. ಪ್ರಶ್ನೆ: ಈ ಪಾಲು ನ್ಯಾಯವಾಗಿದೆಯೇ? ಸರಿ ಉತ್ತರ: ಆಗಿದೆ. ತನ್ನ ತನ್ನ ಲೆಕ್ಕದ ಪ್ರಕಾರ ಅಕ್ಕನಿಗೆ ಐವತ್ತೊಂದು, ತಂಗಿಗೆ ಐವತ್ತು; ಇಬ್ಬರಿಗೂ ಅರ್ಧಕ್ಕೆ ಕಡಿಮೆಯಿಲ್ಲ.

ಎರಡು ಅವಧಿಯಲ್ಲಿ ನಾನೂರು ಜನ ಆಗಿದೆ ಎಂದು ಬರೆದರು. ಪ್ರತಿಯೊಬ್ಬರ ಉತ್ತರದ ಪಕ್ಕವೂ ಹಸಿರು ಗುರುತು ಬಿತ್ತು. ನಿಜ ಹೇಳುತ್ತೇನೆ, ಅದನ್ನು ನೋಡಿ ನನಗೆ ಒಂಥರಾ ಸಮಾಧಾನವಾಗುತ್ತಿತ್ತು. ನಾನೂರು ಸಾಕ್ಷಿಗಳು ನನ್ನ ಕಡೆ.

ಈ ಸಲ ಒಬ್ಬಳು ಆಗಿಲ್ಲ ಎಂದು ಬರೆದಳು. ನಾಟಕಗಳಿಗೆ ಬಟ್ಟೆ ಹೊಲಿದು ಬದುಕುವವಳು, ಮೂವತ್ತು ದಾಟಿದ ಮೇಲೆ ಪದವಿಗೆ ಕೂತಿದ್ದಾಳೆ. ನಾನು ಮನಸ್ಸಿನಲ್ಲೇ ಅವಳನ್ನು ದರ್ಜಿ ಎನ್ನುತ್ತೇನೆ. ಆ ಪ್ರಶ್ನೆಗೆ ಸೊನ್ನೆ ಬಿತ್ತು, ಅದರಿಂದಾಗಿ ಅವಳು ಫೇಲು. ಅವಳು ಆಕ್ಷೇಪಣೆ ಹಾಕಿದಳು. ವಿಭಾಗದ ಮುಖ್ಯಸ್ಥರು, ಸರಿ ಉತ್ತರ ಸರಿಯಾಗಿಯೇ ಇದೆಯಲ್ಲ, ವಜಾ ಮಾಡಿ ಕಳಿಸಿ, ಇಂಥವರಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂದರು. ನನಗೂ ಅದೇ ಅನುಕೂಲವಾಗಿತ್ತು. ಆದರೆ ನಿಯಮದ ಪ್ರಕಾರ ವಜಾ ಮಾಡುವ ಮುಂಚೆ ಒಮ್ಮೆ ಅವಳ ಮಾತು ಕೇಳಬೇಕು. ಗುರುವಾರ ಬೆಳಿಗ್ಗೆ ವೀಡಿಯೋದಲ್ಲಿ ಕರೆದೆ. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಅವಳು ನಮಸ್ಕಾರ ಮಾಡಿದಳು.

ನಾನು ಕೂಡಿ ಕಳೆದು ಎಲ್ಲ ತೋರಿಸಿದೆ. ಅವಳು ತಾಳ್ಮೆಯಿಂದ ಕೇಳಿ, ಕೂಡೋದು ಸರಿ ಇದೆ, ನನ್ನ ತಕರಾರು ಅದರ ಮೇಲಲ್ಲ ಎಂದಳು.

"ನಾನು ದಿನಾ ಅಳತೆ ತೊಗೊಳ್ಳೋಳು ಮೇಡಂ. ಇಬ್ಬರು ಮನುಷ್ಯರ ಅಳತೆ ಹೀಗೆ ಹೊಂದಲ್ಲ, ಅವಳಿಗಳದ್ದೂ ಹೊಂದಲ್ಲ. ಇದು ಒಂದು ಬಟ್ಟೆ ಮೇಲಿಟ್ಟು ಇನ್ನೊಂದು ಕತ್ತರಿಸಿರೋದು. ತಂಗಿ ಚೀಟೀನ ಅಕ್ಕ ನೋಡಿಬಿಟ್ಟಿದ್ದಾಳೆ."

ಲೆಕ್ಕದಲ್ಲಿ ಹಾಗೆಲ್ಲ ಊಹೆ ಮಾಡುವಂತಿಲ್ಲ, ಕೊಟ್ಟ ಸಂಖ್ಯೆಗಳನ್ನು ನಂಬಬೇಕು ಎಂದೆ. ನನ್ನ ದನಿ ನನಗೇ ರೆಕಾರ್ಡಿನ ದನಿಯಂತೆ ಕೇಳಿಸಿತು. ಆಮೇಲೆ, ಕೇಳಬಾರದಿತ್ತು, ಕೇಳಿದೆ: ಅಕ್ಕ ಯಾಕೆ ಹಾಗೆ ಮಾಡಿರಬಹುದು, ಕುರ್ಚಿ ಅಷ್ಟು ಬೇಕಿತ್ತೇ?

"ಕುರ್ಚಿ ಬೇಕಿರಲಿಲ್ಲ ಅನ್ಸತ್ತೆ ಮೇಡಂ. ತಂಗಿಗೆ ಅದು ಅಷ್ಟೊಂದು ಬೇಕಾಗಿತ್ತಲ್ಲ, ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ."

ಅವಳ ಕಣ್ಣು ಪರದೆಯಲ್ಲಿ ನನ್ನನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ನಾನು ಎಷ್ಟೇ ಹುಷಾರಾಗಿ ಕೂತರೂ ಹಿಂದಿನ ಪುಸ್ತಕದ ಕಪಾಟಿನ ಗಾಜಿನಲ್ಲಿ ಕುರ್ಚಿಯ ಪ್ರತಿಬಿಂಬ ಬಿದ್ದಿತ್ತೆಂದು ಕಾಣುತ್ತದೆ. ಅದೇ ಕುರ್ಚೀನಾ ಎಂದು ಮೆಲ್ಲಗೆ ಕೇಳಿದಳು. ನಾನು ಕರೆ ಕತ್ತರಿಸಿದೆ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಹೆದರಿ ಓಡಿಹೋದದ್ದು ಅದೇ ಮೊದಲು.

ಈಗ ನೀನು ಕೇಳಬೇಕಾದ್ದು. ಆ ಮಧ್ಯಾಹ್ನ ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಚೀಟಿ ಬರೆದೆವು. ಈ ಅಂಕದ ಉಪಾಯ ನನ್ನದೇ. ನೀನು ಬೇಡ ಕಣೇ ಅಕ್ಕ, ಬಾಯಲ್ಲೇ ಮಾತಾಡೋಣ ಅಂದೆ. ಬಾಯಲ್ಲಿ ಮಾತಾಡಿದರೆ ಜಗಳವಾಗುತ್ತದೆ ಎಂದು ದೊಡ್ಡದಾಗಿ ನಾನು ಹೇಳಿದೆ. ನೀನು ನಿನ್ನ ಚೀಟಿಯನ್ನು ಕನ್ನಡಕದ ಡಬ್ಬಿಯ ಕೆಳಗಿಟ್ಟು, ಮುದ್ರಣಾಲಯದವರು ಕರಡಿನ ಕಟ್ಟು ಕೇಳಿಕೊಂಡು ಬಂದರೆಂದು ಬಾಗಿಲಿಗೆ ಹೋದೆ. ನನ್ನ ಚೀಟಿ ಅಷ್ಟು ಹೊತ್ತಿಗೆ ತಯಾರಿತ್ತು. ನಿಘಂಟಿಗೆ ಅರವತ್ತು, ಬೀರುವಿಗೆ ಇಪ್ಪತ್ತು, ರೇಡಿಯೋಗೆ ಹದಿನೈದು, ಕುರ್ಚಿಗೆ ಬರೀ ಐದು. ನಾನು ಡಬ್ಬಿ ಎತ್ತಿ ನೋಡಿದೆ. ಐವತ್ತು ಎಂಬುದನ್ನು ನೀನು ಒತ್ತಿ ಒತ್ತಿ ಎರಡು ಸಲ ಬರೆದಿದ್ದೆ. ನನ್ನ ಚೀಟಿ ಹರಿದು ಬಾಯಿಗೆ ಹಾಕಿಕೊಂಡೆ. ನಗಬೇಡ, ಎಸೆಯಲು ಜಾಗವಿರಲಿಲ್ಲ. ಹೊಸದನ್ನು ಬರೆದೆ. ನಿನ್ನದನ್ನೇ ನಕಲು ಮಾಡಿ, ಬೀರುವಿನಿಂದ ಒಂದು ಅಂಕ ತೆಗೆದು ಕುರ್ಚಿಗೆ ಹಾಕಿದೆ. ನೀನು ಲೆಕ್ಕದಲ್ಲಿ ದಡ್ಡಿ ಎಂದು ಮನೆಗೆಲ್ಲ ಸಾರಿದವಳು ನಾನೇ ಅಲ್ಲವೇ, ಅದೇ ಧೈರ್ಯ.

ನೀನು ವಾಪಸು ಬಂದು ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದೆ. "ಸರಿ ಅಕ್ಕ. ಲೆಕ್ಕ ನೀನೇ ಮಾಡಿದ್ದು," ಎಂದೆ. ಆಮೇಲೆ ನೀನು ನನ್ನೊಡನೆ ಮಾತಾಡಿಲ್ಲ. ನಿನಗೆ ಗೊತ್ತಾಗಿತ್ತೋ ಇಲ್ಲವೋ ಎಂದು ಈ ಮೂರು ವರ್ಷ ನಾನು ಹಾಸಿಗೆಯ ಮೇಲೆ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಯೋಚಿಸಿದ್ದೇನೆ. ದರ್ಜಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಚಿತ್ರ ಬಿಡಿಸುವ ಕಣ್ಣು ಅದಕ್ಕಿಂತ ಕಡಿಮೆಯೇ?

ಶುಕ್ರವಾರ ಅವಳ ಆಕ್ಷೇಪಣೆ ಒಪ್ಪಿ ಪೂರ್ತಿ ಅಂಕ ಕೊಟ್ಟೆ. ಕಾರಣ ಬರೆಯುವ ಜಾಗದಲ್ಲಿ, ವಿದ್ಯಾರ್ಥಿನಿ ಸರಿ, ಪ್ರಶ್ನೆ ಬರೆದವಳು ತಪ್ಪು ಎಂದು ಬರೆದೆ. ಮುಖ್ಯಸ್ಥರು ಗೊಣಗಿದರು, ಪಾಪ, ಅವರಿಗೇನು ಗೊತ್ತು. ಆ ಪ್ರಶ್ನೆಯನ್ನು ತೆಗೆದುಹಾಕಿದ್ದೇನೆ. ವೀಡಿಯೋ ತೆಗೆಯಲಾಗಲಿಲ್ಲ, ಅದು ಇನ್ನೆರಡು ವರ್ಷ ಓಡುತ್ತದೆ, ಹನ್ನೊಂದನೇ ನಿಮಿಷದ ಸದ್ದಿನ ಸಮೇತ.

ಕುರ್ಚಿ ನಾಳೆ ಲಾರಿಯಲ್ಲಿ ಹೊರಡುತ್ತದೆ. ಸಾಗಿಸುವವರು ಬಿಗಿಯಾಗಿ ಗೋಣಿ ಸುತ್ತಿದ್ದಾರೆ. ವಾಪಸು ಕಳಿಸಬೇಡ ಗುಬ್ಬಿ, ಕೈ ಮುಗಿಯುತ್ತೇನೆ. ಬದಲಿಗೆ ಏನನ್ನೂ ಕೇಳುತ್ತಿಲ್ಲ. ಅದರಲ್ಲಿ ಕೂತು ಚಿತ್ರ ಬಿಡಿಸು. ನಿನ್ನ ಕೈ, ಕಣ್ಣು ನೂರು ವರ್ಷ ಗಟ್ಟಿಯಾಗಿರಲಿ. ನಿನ್ನ ಮಕ್ಕಳಿಗೆ ನನ್ನ ಮುದ್ದು. ದೊಡ್ಡಮ್ಮ ಒಬ್ಬಳಿದ್ದಾಳೆ ಎಂದು ನೆನಪಿದ್ದರೆ ಹೇಳು. ಕ್ಷಮಿಸು ಎಂಬ ಮಾತನ್ನು ಇಷ್ಟು ಕೆಳಗೆ ತಂದಿಟ್ಟಿದ್ದೇನೆ. ಕ್ಷಮಿಸು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಹೇಳುವ ಧೈರ್ಯ ಸಹಿ ಹಾಕಿದ ಮೇಲೆ ಬಂತು.

ಅಮ್ಮ ಹೋದದ್ದು ಶುಕ್ರವಾರ ಮಧ್ಯಾಹ್ನ. ಬುಧವಾರವೇ ಡಾಕ್ಟರು, ಕರೆಯುವವರನ್ನೆಲ್ಲ ಕರೆದುಬಿಡಿ ಎಂದಿದ್ದರು. ನಾನು ನಿನಗೆ ಫೋನ್ ಮಾಡಿ, ಗಾಬರಿಯೇನಿಲ್ಲ, ಶನಿವಾರ ನಿಧಾನಕ್ಕೆ ಬಾ ಎಂದೆ. ಎರಡು ದಿನ ಅಮ್ಮ ನನಗೊಬ್ಬಳಿಗೇ ಸಿಗಲಿ ಎಂಬ ಆಸೆ. ಅವಳು ಆ ಎರಡು ದಿನವೂ ಕೇಳಿದ್ದು ನಿನ್ನನ್ನೇ.

ಕೊನೆಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಕೈ ಹಿಡಿದುಕೊಂಡಾಗ, "ಗುಬ್ಬೀ, ಬಂದ್ಯಾ?" ಎಂದಳು. ನಾನು ಹೂಂ ಎಂದೆ. ನಿನ್ನ ಹಾಗೇ ದನಿ ಸಣ್ಣ ಮಾಡಿ, ಹೂಂ ಅಮ್ಮ, ಬಂದೆ ಎಂದೆ. ಅವಳ ಮುಖ ಎಷ್ಟು ಬೆಳಗಿತೆಂದರೆ, ನಾನು ಆ ಬೆಳಕನ್ನು ಯಾವತ್ತೂ ನನ್ನ ಕಡೆ ಕಂಡಿರಲಿಲ್ಲ. ಕುರ್ಚಿಯ ಹೊಟ್ಟೆಕಿಚ್ಚು ಹತ್ತಿದ್ದು ಅಲ್ಲಿ. ಆಮೇಲೆ ಅವಳು ಒಂದು ಮಾತು ಹೇಳಿದಳು. ಅದು ನಿನಗೆ ಹೇಳಿದ್ದು. ಮೂರು ವರ್ಷ ನಾನು ಇಟ್ಟುಕೊಂಡಿದ್ದೇನೆ:

"ಅಕ್ಕನ್ನ ಒಬ್ಬಳೇ ಬಿಡಬೇಡ ಕಣೇ. ಎಲ್ಲಾ ನಾನೇ ನೋಡ್ಕೋತೀನಿ ಅಂತಾಳೆ. ಅವಳಿಗೆ ಒಬ್ಬಳೇ ಇರೋಕೆ ಭಯ."

ಬಿಡಲ್ಲ ಅಮ್ಮ ಎಂದು ನಿನ್ನ ದನಿಯಲ್ಲಿ ನಾನೇ ಮಾತು ಕೊಟ್ಟೆ.