ಬೇಡಿದ ಕೈಗಳನ್ನು ಚಪ್ಪಾಳೆ ಎಂದು ಅಚ್ಚು ಹಾಕಿಸಿದವರಿಗೆ

ತಾಮ್ರ ಕರಗಿಸುವ ಕಾರ್ಖಾನೆಯ ಪ್ರಧಾನ ವ್ಯವಸ್ಥಾಪಕರೇ,

ಕಳೆದ ವಾರ ಪತ್ರಿಕೆಯ ಇಡೀ ಪುಟದಲ್ಲಿ ನೀವು ಹಾಕಿಸಿದ ಜಾಹೀರಾತು ಸುಳ್ಳು. ಅದರ ಫೋಟೊದಲ್ಲಿ ಮಂಡಿಯೂರಿರುವ ಹೆಂಗಸರು ನಿಮಗೆ ಚಪ್ಪಾಳೆ ತಟ್ಟುತ್ತಿಲ್ಲ, ನಿಮ್ಮನ್ನು ಬೇಡಿಕೊಳ್ಳುತ್ತಿದ್ದಾರೆ.

ನೀವು ದೂರದ ದೇಶದವರು, ನಿಮಗೆ ತಿಳಿಯದಿರಬಹುದು. ಆದರೆ ನಿಮ್ಮ ಸಾರ್ವಜನಿಕ ಸಂಪರ್ಕಾಧಿಕಾರಿ ನಮ್ಮವರೇ. ದೊಡ್ಡವರ ಹತ್ತಿರ ಏನಾದರೂ ಕೇಳಬೇಕಾದರೆ ಮಂಡಿಯೂರಿ, ಅಂಗೈಗಳನ್ನು ಬಟ್ಟಲು ಮಾಡಿ ಮೆಲ್ಲಗೆ ತಟ್ಟಿ, ಆಮೇಲೆ ಬಾಯಿ ತೆರೆಯುವುದು ನಮ್ಮ ರೂಢಿ. ಅವರೂ ತಮ್ಮ ಅತ್ತೆಯ ಮುಂದೆ ಹಾಗೆ ತಟ್ಟಿದವರೇ. ಆ ಅತ್ತೆ ಅದನ್ನು ತನ್ನ ಅಡುಗೆಗೆ ಸಿಕ್ಕ ಮೆಚ್ಚುಗೆ ಎಂದುಕೊಂಡರೇ?

ಆ ಫೋಟೊ ತೆಗೆದ ದಿನ, ಚರ್ಚಿನ ಅಂಗಳದಲ್ಲಿ ನಿಮ್ಮವರು ಕರೆದ ಸಭೆಯಲ್ಲಿ, ನಾವು ಕೇಳಿದ್ದು ಒಂದೇ. ಗಂಟಲು ಸುಡುವ ಗಂಧಕದ ಹೊಗೆಯನ್ನು ಬಿಡುವ ಅರ್ಧ ಗಂಟೆ ಮೊದಲು ಸೈರನ್ ಊದಿ. ಹೊಸ ಸೈರನ್ ಬೇಡ. ಪಾಳಿ ಬದಲಾದಾಗಲೆಲ್ಲ ನಿಮ್ಮ ಕೆಲಸಗಾರರಿಗೆ ಊದುತ್ತೀರಲ್ಲ, ಅದೇ ಸಾಕು. ಮುಂದಿನ ಸಾಲಿನಲ್ಲಿ ಮಂಡಿಯೂರಿ ಇದನ್ನು ಕೇಳಿದವಳು ನನ್ನ ಅಕ್ಕ ಕಂಪಾಂಬಾ. ನನಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ, ಅವಳ ಹಿಂದೆ ಕೂತಿದ್ದೆ.

"ಅಮ್ಮಂದಿರೇ, ಇವತ್ತು ಸಂತೋಷದ ದಿನ, ದೂರು ಯಾಕೆ? ಕಂಪನಿ ನಿಮಗೆಲ್ಲ ಚಿತೆಂಗೆ ತಂದಿದೆ!" ಎಂದರು ನಿಮ್ಮ ಅಧಿಕಾರಿ. ನಾವು ಹೆಂಗಸರು ಲುಂಗಿಯಂತೆ ಉಡುವ ಅಚ್ಚಿನ ಬಟ್ಟೆ ಅದು, ಉದ್ದಕ್ಕೂ ನಿಮ್ಮ ಕಾರ್ಖಾನೆಯ ಗುರುತು.

ಒಣಮೀನು ಮಾರುವ ಬನಾ ಚಿಲೆಕ್ವಾ ಅದನ್ನು ಬಿಡಿಸಿ ನೋಡಿದಳು. "ಮಗಾ, ಇದನ್ನ ಸೊಂಟಕ್ಕೆ ಸುತ್ಕೊಳ್ಳೋದೋ, ಮೂಗಿಗೆ ಕಟ್ಕೊಳ್ಳೋದೋ?"

ಎಲ್ಲರೂ ನಕ್ಕರು. ನಿಮ್ಮ ಫೋಟೊಗ್ರಾಫರ್ ಆ ನಗುವನ್ನೂ ಬಿಡಲಿಲ್ಲ.

ಸಭೆಯಾದ ಐದನೇ ದಿನ, ನಡು ಮಧ್ಯಾಹ್ನ, ಹೇಳದೆ ಕೇಳದೆ ಹೊಗೆ ಬಿಟ್ಟಿರಿ. ಅಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗಲೇ ಕುಸಿದಳು. ಮೊದಲೇ ದಮ್ಮಿನ ಎದೆ ಅವಳದು. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಗ ಪಕ್ಕದ ಹಾಸಿಗೆಯವರು ಪತ್ರಿಕೆ ಕೊಟ್ಟರು. ಪುಟದ ನಡುವೆ ಅವಳದೇ ಮುಖ, ಕೆಳಗೆ "ಕಂಪನಿಗೆ ನೆರೆಹೊರೆಯ ಕೃತಜ್ಞತೆ".

"ನೋಡೇ ಲೋಂಬೆ, ನಾನು ಇವರಿಗೆ ಥ್ಯಾಂಕ್ಸ್ ಹೇಳ್ತಿದೀನಂತೆ," ಎಂದಳು. ನಗಲು ಹೋಗಿ ಕೆಮ್ಮು ಬಂತು. ನರ್ಸ್ ಓಡಿಬಂದು ನನ್ನನ್ನು ಹೊರಗೆ ಕಳಿಸಿದರು.

ವ್ಯವಸ್ಥಾಪಕರೇ, ನಾನು ಏಳನೇ ತರಗತಿ ದಾಟಿದವಳಲ್ಲ. ನಿಮ್ಮಲ್ಲಿ ಸಾರ್ವಜನಿಕ ಸಂಪರ್ಕದ ವಿದ್ಯೆ ಕಲಿತು ಪದವಿ ಪಡೆದವರಿದ್ದಾರೆ, ಅವರಿಗೆ ತಣ್ಣನೆಯ ಕೋಣೆ, ಕಾರು ಎಲ್ಲ ಇದೆ. ಅವರ ಕೆಲಸ ಊರಿನ ಮಾತನ್ನು ನಿಮ್ಮ ಕಿವಿಗೆ ಮುಟ್ಟಿಸುವುದೋ, ಅದು ಮುಟ್ಟದಂತೆ ನೋಡಿಕೊಳ್ಳುವುದೋ? ನೀವು ಅವರ ಬಾಯಿಯನ್ನು ಬಾಡಿಗೆಗೆ ಪಡೆದು, ಕಿವಿಯನ್ನು ಮನೆಯಲ್ಲೇ ಬಿಟ್ಟುಬರಲು ಹೇಳಿದ್ದೀರೇನು? ಗಿರಾಕಿ ಮೂಗು ಮುಚ್ಚಿಕೊಂಡರೆ ಬನಾ ಚಿಲೆಕ್ವಾ ಬುಟ್ಟಿಯ ಮೀನು ಬದಲಿಸುತ್ತಾಳೆ. ಗಿರಾಕಿಯ ಫೋಟೊ ತೆಗೆದು "ಪರಿಮಳಕ್ಕೆ ಮರುಳಾದವರು" ಎಂದು ತೂಗುಹಾಕುವುದಿಲ್ಲ. ಹಾಗೆ ಮಾಡಿದ ದಿನ ಅವಳ ಅಂಗಡಿ ಮುಚ್ಚುತ್ತದೆ. ನಿಮ್ಮದು ಮುಚ್ಚುವುದಿಲ್ಲ, ಏಕೆಂದರೆ ನೀವು ತಾಮ್ರ ಮಾರುವುದು ನಮಗಲ್ಲ. ಇಷ್ಟು ಚಿಕ್ಕ ವ್ಯಾಪಾರ ಬುದ್ಧಿಗೆ ಅಷ್ಟು ದೊಡ್ಡ ವಿಭಾಗ ಬೇಕಿತ್ತೇ?

ಅಕ್ಕ ಸೋಮವಾರ ಮನೆಗೆ ಬರುತ್ತಾಳೆ. ಇನ್ನೊಮ್ಮೆ ಆ ಹೊಗೆ ಕುಡಿದರೆ ಉಳಿಯುವ ಭರವಸೆ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಅವಳನ್ನು ಒಳಗೆ ಕರೆದು, ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಲು ನನಗೆ ಅರ್ಧ ಗಂಟೆ ಬೇಕು. ಅದನ್ನು ಕೊಡಿ. ಈ ಪತ್ರಕ್ಕೆ ಪತ್ರಿಕೆಯಲ್ಲಿ ಉತ್ತರ ಬೇಡ, ಭೇಟಿಗೆ ಯಾರನ್ನೂ ಕಳಿಸಬೇಡಿ. ಸೈರನ್ ಊದಿ. ನಮ್ಮ ಮನೆಗೆ ಅದು ಚೆನ್ನಾಗಿ ಕೇಳಿಸುತ್ತದೆ.

ಇಂತಿ,
ನಿಮ್ಮ ಸಂಪರ್ಕಕ್ಕೆ ಇನ್ನೂ ಸಿಗದ ಸಾರ್ವಜನಿಕರಲ್ಲೊಬ್ಬಳು,
ಲೋಂಬೆ ಕಫ್ವಿಂಬಿ