ಅಂಗೈಯಲ್ಲಿ ಓದಿದ ಪುಟ

ಮನೆ,
ಅಕ್ಟೋಬರ್ ೧೪, ಮಂಗಳವಾರ ಮಧ್ಯಾಹ್ನ

ನನ್ನ ಮಗಳೇ,

ನೀರಿನ ಮೇಲಿರುವ ನಿನಗೆ ನೆಲದ ಮೇಲಿರುವ ಅಪ್ಪನ ಆಶೀರ್ವಾದ. ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ತೋಳಿನ ಮೇಲೆ ಎದ್ದಿದ್ದ ಬೆವರುಗುಳ್ಳೆ ಇಳಿಯಿತೇ? ಹಡಗಿನಲ್ಲಿ ಎಲ್ಲರದೂ ಆದ ಮೇಲೆ ಊಟಕ್ಕೆ ಕೂರುವ ಅಭ್ಯಾಸ ಬಿಡು. ಯಂತ್ರಕ್ಕೆ ಹೊತ್ತಿಗೆ ಸರಿಯಾಗಿ ಎಣ್ಣೆ ಹಾಕುವವಳು ಹೊಟ್ಟೆಗೂ ಹಾಗೆಯೇ ಹಾಕಿಕೊಳ್ಳಬೇಕು. ಅಳಿಯಂದಿರು ಚೆನ್ನಾಗಿದ್ದಾರೆ. ಬೆಳಗಿನ ಜಾವವೇ ಬೇಕರಿಗೆ ಹೋಗಿ, ಮಧ್ಯಾಹ್ನ ಬಂದು, ಕೂದಲಲ್ಲಿ ಹಿಟ್ಟು ಇರುವಂತೆಯೇ ಮಲಗಿಬಿಡುತ್ತಾರೆ. ನಿನ್ನ ಮಗಳು ಕಡ್ಡಿಗೆ ಮುಂದಿನ ಹಲ್ಲೊಂದು ಬಿದ್ದಿದೆ. ಏಳು ತುಂಬಿದರೂ ತಿಂದದ್ದು ಮೈಗೆ ಹತ್ತುವುದಿಲ್ಲ, ನೀನಿಟ್ಟ ಅಡ್ಡಹೆಸರಿಗೆ ಮೋಸವಿಲ್ಲ. ಬಿದ್ದ ಹಲ್ಲನ್ನು ನಿನಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ಈಗ ಎಲ್ಲಾದರೂ ಕೂತು ಓದು. ನೀನು ಬಂದರಿನಿಂದ ಫೋನ್ ಮಾಡಿದಾಗಲೆಲ್ಲ ಅಳಿಯಂದಿರೂ ಕಡ್ಡಿಯೂ ನನ್ನ ಕಿವಿಗೆ ಕಿವಿ ತಾಗಿಸಿ ನಿಂತಿರುತ್ತಾರೆ, ಅದಕ್ಕೇ ಹೇಳಲಾಗಲಿಲ್ಲ. ಮಗಳೇ, ನನಗೆ ಓದಲು ಬರುತ್ತಿಲ್ಲ. ಮೂರು ತಿಂಗಳಾಯಿತು. ಒಂದು ಬೆಳಿಗ್ಗೆ ಪೇಪರ್ ಬಿಡಿಸಿದೆ. ಅಕ್ಷರಗಳೆಲ್ಲ ಇದ್ದವು, ಒಂದೂ ಗುರುತು ಸಿಗಲಿಲ್ಲ. ಕನ್ನಡಕ ಒರೆಸಿಕೊಂಡೆ, ಕಿಟಕಿಯ ಹತ್ತಿರ ಹೋದೆ. ಫೋಟೋದಲ್ಲಿದ್ದವರ ಷರ್ಟಿನ ಗುಂಡಿ ಎಣಿಸುವಷ್ಟು ಚೆನ್ನಾಗಿ ಕಣ್ಣು ಕಾಣುತ್ತಿತ್ತು, ಅಕ್ಷರ ಮಾತ್ರ ಯಾವುದೋ ಪರದೇಶದ ಲಿಪಿ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಒಂದು ಕೊಂಬು ಬಿಟ್ಟುಹೋಗಿದ್ದರೂ ಪುಟಕ್ಕೆ ಕೈ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ವಿಚಿತ್ರವೆಂದರೆ ಬರೆಯಲು ಬರುತ್ತದೆ, ಕೈ ಏನನ್ನೂ ಮರೆತಿಲ್ಲ. ಈ ಕಾಗದ ಬರೆಯುತ್ತಿದ್ದೇನೆ, ಆದರೆ ಮೇಲಿನ ಸಾಲಿನಲ್ಲಿ ಏನಿದೆ ಎಂದು ತಿರುಗಿ ನೋಡಿದರೆ ತಿಳಿಯುವುದಿಲ್ಲ. ತಪ್ಪಿದ್ದರೆ ಈ ಸಲ ನೀನೇ ತಿದ್ದಿಕೋ. ನಡೆಯುವಾಗ ಬಲಭುಜ ಬಾಗಿಲ ಚೌಕಟ್ಟಿಗೆ ಆಗಾಗ ಬಡಿಯುತ್ತದೆ, ಅದನ್ನೂ ಯಾರಿಗೂ ಹೇಳಿಲ್ಲ. ಹೆದರಿಕೆ. ಆಸ್ಪತ್ರೆಗೆ ಹೋದರೆ ಇದಕ್ಕೊಂದು ಹೆಸರು ಹೇಳುತ್ತಾರೆ. ಹೆಸರು ಕೇಳಿದ ಕೂಡಲೇ ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ. ಹನ್ನೊಂದು ವರ್ಷ ಕಷ್ಟಪಟ್ಟು ಹತ್ತಿದ ಹಡಗು ಅದು. ಅಳಿಯಂದಿರು ಮಲಗಿರುವ ಹೊತ್ತಿನಲ್ಲಿ ಕಡ್ಡಿಯನ್ನು ನೋಡಿಕೊಳ್ಳುವುದಕ್ಕೆ ಇರುವವನು ನಾನೊಬ್ಬನೇ, ನನ್ನನ್ನೇ ಯಾರಾದರೂ ನೋಡಿಕೊಳ್ಳಬೇಕಾಗಿ ಬಂದರೆ ಮನೆ ನಡೆಯುವುದು ಹೇಗೆ ಎಂದು ದಿನವೂ ಯೋಚಿಸಿ ಬಾಯಿ ಮುಚ್ಚಿಕೊಂಡೆ.

ದಿನಕ್ಕೊಂದು ಕಥೆ ಓದಿ ಹೇಳಬೇಕೆಂದು ಹೊರಡುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದೆಯಲ್ಲ. ಪುಸ್ತಕ ಹಿಡಿದು ತೊಡೆಯೇರಿದ ಮಗುವಿಗೆ ಏನೆಂದು ಹೇಳಲಿ? "ಇವತ್ತಿಂದ ನೀನು ಓದು, ನಾನು ಮಾಡಿ ತೋರಿಸ್ತೀನಿ" ಎಂದೆ. ಎಷ್ಟು ಜಾಣತನ ನೋಡು ನಿನ್ನಪ್ಪನದು. ಅವಳು ಆನೆ ಎಂದರೆ ನಾನು ಕಂಬಳಿ ಹೊದ್ದು ಆನೆಯಾದೆ. ಆನೆ ಬಾವಿಗೆ ಬಿತ್ತು ಎಂದರೆ ಬಟ್ಟೆಯ ಬುಟ್ಟಿಯೊಳಗೆ ಇಳಿದು ಕೂತೆ; ನನ್ನನ್ನು ಮೇಲೆತ್ತಲು ಅಳಿಯಂದಿರು ನಿದ್ದೆಯಿಂದ ಎದ್ದು ಬರಬೇಕಾಯಿತು. ಪುಟ ತಿರುವುವ ಮೊದಲು "ಮುಂದೇನಾಗಬಹುದು?" ಎಂದು ಕೇಳುತ್ತಿದ್ದೆ, ಅವಳು ಕಣ್ಣರಳಿಸಿ ಹೇಳುತ್ತಿದ್ದಳು, ಪುಟ ತಿರುವಿದರೆ ಹಾಗೆಯೇ ಆಗಿರುತ್ತಿತ್ತು. ಎಷ್ಟು ಚುರುಕು ಎಂದು ಬೀಗಿದೆ. ಮೊದಲು ಹತ್ತು ನಿಮಿಷ ಕೂರದವಳು ಈಗ ಆಟಕ್ಕೂ ಹೋಗದೆ ಪುಸ್ತಕ ಹಿಡಿದು ನನ್ನ ಹಿಂದೆ ಬೀಳುತ್ತಿದ್ದಳು. "ಮಾವ, ಶಾಲೇಲೂ ಹೀಗೆ ಕಲಿಸಲ್ಲ" ಎಂದು ಅಳಿಯಂದಿರು ಮೆಚ್ಚಿಕೊಂಡರು. ನಿನಗೂ ಹೇಳಿದರು, ನೀನು ಫೋನಿನಲ್ಲೇ ಚಪ್ಪಾಳೆ ತಟ್ಟಿದೆ. ಆ ದಿನ ನನಗೆ ಊಟ ಸೇರಲಿಲ್ಲ.

ಹೋದ ವಾರ ಶಾಲೆಯಿಂದ ಕರೆ ಬಂತು. ಅಳಿಯಂದಿರೂ ನಾನೂ ಹೋದೆವು. ಟೀಚರು ಒಳ್ಳೆಯ ಹೆಂಗಸು, ದನಿ ಎತ್ತಲಿಲ್ಲ. ನಿಮ್ಮ ಮಗುವಿಗೆ ಒಂದು ಸಾಲೂ ಓದಲು ಬರುವುದಿಲ್ಲ ಎಂದರು. ಪುಟ ಮುಂದಿಟ್ಟರೆ ಚಿತ್ರ ನೋಡಿಕೊಂಡು ಸ್ವಂತ ಕಥೆ ಕಟ್ಟುತ್ತಾಳಂತೆ, ಚಿತ್ರವಿಲ್ಲದ ಪುಟ ಕೊಟ್ಟರೆ ಕಂಬದ ಹಾಗೆ ನಿಲ್ಲುತ್ತಾಳಂತೆ. ಮೂರು ತಿಂಗಳು ಅವಳು ಪುಸ್ತಕದಲ್ಲಿಲ್ಲದ ಕಥೆ ಹೇಳಿದ್ದಾಳೆ, ನಾನು ಪಕ್ಕದಲ್ಲೇ ಕೂತು ಭೇಷ್ ಎಂದಿದ್ದೇನೆ. ಅವಳ ಕಳ್ಳತನ ಹಿಡಿಯಲು ನನಗೆ ಓದು ಬರಬೇಕಿತ್ತಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಟೀಚರು ಡೈರಿಯಲ್ಲಿ ಮೂರು ಸಲ ಬರೆದು ಕಳಿಸಿದ್ದರಂತೆ. ಮೂರಕ್ಕೂ ಕೆಳಗೆ "ನೋಡಿದ್ದೇನೆ" ಎಂದು ದುಂಡಗೆ ಬರೆದು ಸಹಿ ಹಾಕಿದ್ದವನು ನಾನೇ. ಅಳಿಯಂದಿರು ಆ ಸಹಿ ನೋಡಿದರು, ನನ್ನ ಮುಖ ನೋಡಿದರು. ಆ ಪುಣ್ಯಾತ್ಮ ದಾರಿಯುದ್ದಕ್ಕೂ "ನಾನೇ ಗಮನ ಕೊಡ್ಲಿಲ್ಲ" ಎಂದು ತನ್ನನ್ನೇ ಬೈದುಕೊಂಡರು. ನಾನು ಆಗಲೂ ತುಟಿ ಬಿಚ್ಚಲಿಲ್ಲ. ನಾಚಿಕೆಗಿಂತ ಭಯ ದೊಡ್ಡದು ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ಮರುದಿನ ಕಡ್ಡಿಗೆ ಮಾತ್ರ ನಿಜ ಹೇಳಿದೆ. ತಾತನಿಗೂ ಓದಲು ಬರುವುದಿಲ್ಲ ಎಂದೆ. ಅವಳು ಪುಸ್ತಕ ತಂದು, ಒಂದು ಅಕ್ಷರದ ಮೇಲೆ ಎಡಗೈ ಬೆರಳಿಟ್ಟು, ಅದನ್ನೇ ಬಲಗೈ ಬೆರಳಿನಿಂದ ನನ್ನ ಅಂಗೈ ಮೇಲೆ ಬರೆದಳು. "ಇದೇನು ತಾತ?" ಎಂದಳು. ಕಣ್ಣಿಗೆ ಸಿಗದ ಅಕ್ಷರ ಚರ್ಮಕ್ಕೆ ಸಿಕ್ಕಿತು, ಮಗಳೇ. ‘ಬ’ ಎಂದೆ. ಅಂದಿನಿಂದ ಹೀಗೇ ಓದುತ್ತೇವೆ. ಅವಳು ಕಣ್ಣಿಟ್ಟು ನೋಡಿ ಬರೆಯುತ್ತಾಳೆ, ನಾನು ಹೇಳುತ್ತೇನೆ, ಅವಳು ಒಂದಕ್ಕೊಂದು ಕೂಡಿಸುತ್ತಾಳೆ. ಚಿತ್ರ ನೋಡಿ ಹೇಳುವ ಹಾಗಿಲ್ಲವೆಂದು ಇಬ್ಬರೂ ಕರಾರು ಮಾಡಿಕೊಂಡಿದ್ದೇವೆ, ಚಿತ್ರದ ಮೇಲೆ ಅವಳೇ ಕರವಸ್ತ್ರ ಹಾಸುತ್ತಾಳೆ. ಒಂದು ಸಾಲಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ನಿನ್ನೆ ಎರಡು ಪದಗಳನ್ನು ನನ್ನ ಅಂಗೈ ಇಲ್ಲದೆಯೇ ಓದಿದಳು. ಹಾಗಾಗಿ ನೀನು ಗಾಬರಿಯಾಗಬೇಡ. ಅವಸರವೇನೂ ಇಲ್ಲ. ಆರು ವಾರ ಬಿಟ್ಟು ರಜೆಗೆ ಬರುತ್ತೀಯಲ್ಲ, ಆಗ ಡಾಕ್ಟರ ಹತ್ತಿರ ಹೋದರಾಯಿತು. ಅಲ್ಲಿಯವರೆಗೆ ಅಳಿಯಂದಿರಿಗೆ ಹೇಳಬೇಡ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಈ ಮುದುಕನ ನೆನಪು ಹೇಳು. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ, ಕೈ ಹಾಕಿದ ಯಂತ್ರವೆಲ್ಲ ನಿನ್ನ ಮಾತು ಕೇಳಲಿ.

ಇಂತು,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಡ್ಡಿ ಶಾಲೆಯಿಂದ ಬಂದಳು, ಓದಲು ಕೂತೆವು. ಅವಸರವಿಲ್ಲ ಎಂದು ಮೇಲೆ ಎಲ್ಲೋ ಬರೆದಿದ್ದೇನೆ, ಎಲ್ಲಿ ಎಂದು ನನಗೆ ಕಾಣುವುದಿಲ್ಲ, ನೀನೇ ಹುಡುಕಿ ಹೊಡೆದುಹಾಕು. ಮೊದಲನೆಯ ಅಕ್ಷರ ‘ಮ’, ಗೊತ್ತಾಯಿತು. ಎರಡನೆಯದನ್ನು ಮೂರು ಸಲ ಬರೆದಳು. ಬೆರಳು ಓಡಾಡುವುದು ತಿಳಿಯುತ್ತಿತ್ತು, ಅಕ್ಷರ ತಿಳಿಯಲಿಲ್ಲ. ಕರವಸ್ತ್ರ ಸರಿದು ಒಂದು ಮನೆಯ ಚಿತ್ರ ಕಾಣುತ್ತಿತ್ತು, ‘ಮನೆ’ ಎಂದುಬಿಟ್ಟೆ. ಕಡ್ಡಿ ತಾನೇ ಕೂಡಿಸಿ ಓದಿದಳು, ಅದು ‘ಮರ’ವಂತೆ. ಅವಳು ನಗಲಿಲ್ಲ. ನನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಚಿತ್ರ ನೋಡಿ ಹೇಳ್ದೆ ಅಲ್ವಾ ತಾತ? ಹೆದರ್ಬೇಡ, ನಾನೂ ಹಾಗೇ ಮಾಡ್ತಿದ್ದೆ" ಎಂದಳು. ಅಪ್ಪನನ್ನು ಎಬ್ಬಿಸುತ್ತೇನೆಂದು ಒಳಗೆ ಹೋಗಿದ್ದಾಳೆ, ನಾನು ತಡೆಯಲಿಲ್ಲ. ನೀನು ಬಾ.